ಅಪ್ಪನಿಗೆ ಮೀದಿ ಇಡುವಾಗ ನಾನು ನಾಟಕ ಮಾಡ್ತಿದ್ದೀನಾ?

ಪ್ರಶ್ನೆ: ಸರ್, ನಾನು ವಿರಾಜಪೇಟೆ ಕಡೆಯವಳು, ಈಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ದೇವರನ್ನ ನಂಬಲ್ಲ, ಕಾಲೇಜಿಂದಲೂ ಹಂಗೇ. ಅಪ್ಪ ಹೋಗಿ ಎರಡು ವರ್ಷ ಆಯ್ತು. ಹೋದ ಸಲ ಐನ್‌ಮನೇಲಿ (ನಮ್ಮ ಮನೆತನದ ಮೂಲಮನೆ) ಕಾರಣಂಗ್ ಕೊಡ್ಪ ದಿನ, ಅಂದ್ರೆ ತೀರಿಹೋದ ಹಿರಿಯರಿಗೆ ಕೊಡೋ ದಿನ, ಮೀದಿ (ಅವರ ಹೆಸರಿನ ಎಡೆ) ಇಡೋಕೆ ನನಗೆ ಹೇಳಿದ್ರು. ಎಲೆಗೆ ಬಡಿಸಿ ಪಕ್ಕದಲ್ಲಿ ಅಪ್ಪನ ಮಿಲಿಟರಿ ರಮ್ ಒಂದು ಗ್ಲಾಸ್ ಇಟ್ಟೆ, ಇಟ್ಟ ತಕ್ಷಣ ಮೈಯೆಲ್ಲಾ ಜುಮ್ ಅಂತು, ಅಪ್ಪ ಅಲ್ಲೇ ನಿಂತ ಹಾಗೆ ಅನ್ನಿಸ್ತು, ತುಂಬಾ ಅತ್ತೆ. ಗಂಡ ಇದು ಮೆದುಳಿನ ಕೆಮಿಸ್ಟ್ರಿ ಅಂತಾರೆ. ಅಜ್ಜಿ ಕಾರಣ (ತೀರಿಹೋದ ಹಿರಿಯರು) ಬಂದಿದ್ದು ಅಂತಾರೆ. ಯಾರು ಸರಿ? ನಂಬದೇ ಇದೆಲ್ಲಾ ಮಾಡೋದು ನಾಟಕ ಅಲ್ವಾ? ಈ ಸಲಾನೂ ನಾನೇ ಇಡಬೇಕಂತೆ. ಫಿಲಾಸಫೀಲಿ ಇದಕ್ಕೇನಾದ್ರೂ ಉತ್ತರ ಉಂಟಾ?

ಉತ್ತರ:

ಅಮ್ಮ, ನಿಮ್ಮ ಪ್ರಶ್ನೆ ಓದಿ ಎರಡು ದಿನ ಹಾಗೇ ಇಟ್ಕೊಂಡಿದ್ದೆ. ನಾನು ಕಾಲೇಜಲ್ಲಿ ಫಿಲಾಸಫಿ ಪಾಠ ಮಾಡಿ ರಿಟೈರ್ ಆಗಿ ಈಗ ಮಡಿಕೇರಿ ಹತ್ರ ಎರಡೆಕರೆ ಕಾಫಿ ನೋಡ್ಕೊಂಡು ಇರೋನು. ದೇವರಿದ್ದಾನಾ ಸಾರ್ ಅಂತ ಕೇಳಿದ ಹುಡುಗರು ಲೆಕ್ಕ ಇಲ್ಲ, ಆದ್ರೆ ನಂಬದೇ ಮಾಡಿದ್ರೆ ಅದು ನಾಟಕವಾ ಅಂತ ಕೇಳಿದೋರು ಬೆರಳೆಣಿಕೆ, ಮತ್ತೆ ನನ್ನ ಪ್ರಕಾರ ಅದೇ ಕಷ್ಟದ ಪ್ರಶ್ನೆ. ಇನ್ನೊಂದು ಮೊದಲೇ ಹೇಳಿಬಿಡ್ತೇನೆ, ನಾವು ಅರೆಭಾಷೆಯವರು, ನಮ್ಮಲ್ಲೂ ಐನ್‌ಮನೆ ಉಂಟು, ಹುತ್ತರಿ ಉಂಟು, ಗುರುಕಾರಣರಿಗೆ ಎಡೆ ಇಡೋದು ಉಂಟು, ಆದ್ರೆ ಕೊಡವರ ನೆಲ್ಲಕ್ಕಿ ನಡುಬಾಡೆ (ಐನ್‌ಮನೆಯ ದೀಪ ಇಡೋ ನಡುಮನೆ) ಒಳಗೆ ನಿಂತು ಬೆಳೆದವನು ನಾನಲ್ಲ, ಹಾಗಾಗಿ ನಿಮ್ಮ ಮನೆ ಪದ್ಧತಿ ಬಗ್ಗೆ ಎಲ್ಲಾದ್ರೂ ತಪ್ಪಿದ್ರೆ ನಿಮ್ಮ ಅಜ್ಜಿ ಮಾತೇ ಫೈನಲ್.

ಯಾರು ಸರಿ ಅಂತ ಕೇಳಿದ್ರಿ. ಅದಕ್ಕಿಂತ ಮುಂಚೆ ಒಂದು ಆನೆ ಕತೆ. ನಿಮ್ಮ ಕಡೆ ಸಂಜೆ ಹೊತ್ತು ತೋಟದ ದಾರೀಲಿ ನಡ್ಕೊಂಡು ಬರ್ತಾ ಇದ್ದೀರಿ, ಸಿಲ್ವರ್ ಓಕ್ ಮರದ ಸಂದೀಲಿ ಕಪ್ಪಗೆ ದೊಡ್ಡದು ನಿಂತಿದೆ, ಎದೆ ಹೊಡ್ಕೊಳ್ತು, ಕಾಲು ಅಲ್ಲೇ ನಿಂತುಬಿಡ್ತು. ಟಾರ್ಚ್ ಬಿಟ್ಟು ನೋಡಿದ್ರೆ ಬಂಡೆ. ಈಗ ಹೇಳಿ, ನಿಮಗೆ ಆಗಿದ್ದು ಏನು? "ಬಂಡೆ ನೋಡಿ ಹೆದರಿದೆ" ಅಂದ್ರೆ ಅದು ಸುಳ್ಳು, ಬಂಡೆಗೆ ಯಾರೂ ಹೆದರಲ್ಲ, ನೀವು ಹೆದರಿದ್ದು ಆನೆಗೆ. ಆದ್ರೆ ಹೆದರಿಕೆಗೆ ಕಾರಣ ಏನು ಅಂತ ಕೇಳಿದ್ರೆ ಅಲ್ಲಿ ಆನೆ ಇರಲಿಲ್ಲ, ಬಂಡೆ ಇತ್ತು, ಮಬ್ಬು ಬೆಳಕಿತ್ತು, ಹಿಂದಿನ ವಾರ ಪಕ್ಕದ ತೋಟಕ್ಕೆ ಆನೆ ಬಂದ ಸುದ್ದಿ ತಲೇಲಿತ್ತು. ವೇಯ್ನ್ ಪ್ರೌಡ್‌ಫುಟ್ ಅಂತ ಅಮೆರಿಕದ ಒಬ್ಬ ತತ್ವಶಾಸ್ತ್ರದವನು 1985ರಲ್ಲಿ ಬರೆದ ಪುಸ್ತಕದಲ್ಲಿ ಇದೇ ಮಾತು ಹೇಳ್ತಾನೆ, ಅವನ ಕತೇಲಿ ಕರಡಿ ಮತ್ತೆ ಮರದ ದಿಮ್ಮಿ, ಕೊಡಗಲ್ಲಿ ಕರಡಿ ಯಾಕೆ ಅಂತ ನಾನು ಆನೆ ಮಾಡ್ದೆ. ಅವನು ಹೇಳೋದು ಇಷ್ಟೆ, ಒಬ್ಬರ ಅನುಭವವನ್ನ ವರ್ಣಿಸೋದು ಒಂದು ಕೆಲಸ, ಅದಕ್ಕೆ ಕಾರಣ ಹುಡುಕೋದು ಇನ್ನೊಂದು ಕೆಲಸ. ವರ್ಣಿಸುವಾಗ ಅನುಭವಿಸಿದವರ ಮಾತಲ್ಲೇ ಹೇಳಬೇಕು, ಅವರು ಒಪ್ಪದ ಮಾತು ತೂರಿಸಿದ್ರೆ ನೀವು ಬೇರೆ ಯಾವುದೋ ಅನುಭವದ ಬಗ್ಗೆ ಮಾತಾಡ್ತಿದ್ದೀರಿ ಅಂತ ಅರ್ಥ. ಕಾರಣ ಹುಡುಕುವಾಗ ಮಾತ್ರ ಅವರ ಒಪ್ಪಿಗೆ ಬೇಕಾಗಿಲ್ಲ.

ಈಗ ನಿಮ್ಮ ಮನೆ ಜಗಳಕ್ಕೆ ಬನ್ನಿ. ನಿಮಗೆ ಆಗಿದ್ದು "ಅಪ್ಪ ಅಲ್ಲೇ ನಿಂತ ಹಾಗೆ". ಇದು ವರ್ಣನೆ. ನಿಮ್ಮ ಯಜಮಾನ್ರು ಕೆಮಿಸ್ಟ್ರಿ ಅಂದಾಗ ಅವರು ಕಾರಣದ ಬಗ್ಗೆ ಮಾತಾಡ್ತಿದ್ದಾರೆ, ಮಾತಾಡ್ಲಿ, ಮೆದುಳಲ್ಲಿ ಏನೂ ಆಗದೇ ಅಳು ಬರಲ್ಲ ಅನ್ನೋದು ನಿಜಾನೇ. ಆದ್ರೆ "ಇದು ಬರೀ ಕೆಮಿಸ್ಟ್ರಿ" ಅಂದ ಕ್ಷಣ, ಆ "ಬರೀ" ಅನ್ನೋ ಪದದ ಮೂಲಕ ಅವರು ವರ್ಣನೆಯನ್ನೇ ತಳ್ಳಿಬಿಟ್ರು, ಆನೆಗೆ ಹೆದರಿದೋಳಿಗೆ ನೀನು ಬಂಡೆಗೆ ಹೆದರಿದ್ದು ಅಂತ ಹೇಳಿದ ಹಾಗಾಯ್ತು. ಅಜ್ಜಿ ಉಲ್ಟಾ. ಅವರು ವರ್ಣನೆಯನ್ನೇ ಕಾರಣ ಮಾಡಿಬಿಟ್ರು, ಅಪ್ಪ ಬಂದ ಹಾಗೆ ಅನ್ನಿಸ್ತಾ, ಹಾಗಾದ್ರೆ ಅಪ್ಪ ಬಂದಿದ್ದೇ ಸೈ. ಇಬ್ಬರೂ ಅವರವರ ಜಾಗದಲ್ಲಿ ಸರಿ, ಬೇಲಿ ಹಾರಿದ್ದು ತಪ್ಪು. ಇದು ಜಾರಿಕೊಳ್ಳೋ ಉತ್ತರ ಅನ್ನಿಸ್ಬಹುದು, ಆದ್ರೆ ಸ್ವಲ್ಪ ತಾಳಿ.

ಈ ಕೆಮಿಸ್ಟ್ರಿ ವಾದ ಹೊಸದೇನಲ್ಲ ಅಂತ ಯಜಮಾನ್ರಿಗೆ ಹೇಳಿ. ಅಮೆರಿಕದ ವಿಲಿಯಂ ಜೇಮ್ಸ್ ಡಾಕ್ಟರ್ ಓದಿ ಆಮೇಲೆ ಸೈಕಾಲಜಿ ಫಿಲಾಸಫಿಗೆ ಬಂದವನು, 1901-02ರಲ್ಲಿ ಎಡಿನ್‌ಬರೋದಲ್ಲಿ ಕೊಟ್ಟ ಗಿಫರ್ಡ್ ಉಪನ್ಯಾಸಗಳ ಶುರುವಲ್ಲೇ ಈ ಜನರನ್ನ ಹಿಡ್ಕೊಳ್ತಾನೆ. ಸಂತ ಪೌಲನಿಗೆ ದಾರೀಲಿ ದರ್ಶನ ಆಗಿದ್ದು ಮೂರ್ಛೆ ರೋಗ, ಸಂತ ತೆರೇಸಾದು ಹಿಸ್ಟೀರಿಯಾ, ಲೇಖಕ ಕಾರ್ಲೈಲ್‌ನ ದುಃಖವೆಲ್ಲಾ ಹೊಟ್ಟೆ ಕೆಟ್ಟಿದ್ದಕ್ಕೆ, ಹೀಗೆ ಹೇಳೋರಿಗೆ ಅವನು ವೈದ್ಯಕೀಯ ಭೌತವಾದಿಗಳು ಅಂತ ಹೆಸರಿಟ್ಟ. ಮತ್ತೆ ಕೇಳ್ತಾನೆ, ಭಕ್ತನ ಭಕ್ತಿ ಅವನ ಲಿವರ್‌ನಿಂದ ಬಂತು ಅಂದ್ರೆ ನಾಸ್ತಿಕನ ನಾಸ್ತಿಕತೆಯೂ ಅವನ ಲಿವರ್‌ನಿಂದಲೇ ಬಂದಿರಬೇಕಲ್ಲಾ? ವಿಚಾರ ಎಲ್ಲಿಂದ ಹುಟ್ಟಿತು ಅನ್ನೋದು ಅದು ನಿಜವಾ ಸುಳ್ಳಾ ಅನ್ನೋದನ್ನ ತೀರ್ಮಾನ ಮಾಡಲ್ಲ. ನೀವು ಕೋಡ್ ಬರೆಯುವಾಗಲೂ ಮೆದುಳಲ್ಲಿ ಕೆಮಿಸ್ಟ್ರಿ ನಡೀತಾ ಇರುತ್ತೆ, ಹಾಗಂತ ಕೋಡ್ ಸರಿ ಉಂಟಾ ಅಂತ ನೋಡೋಕೆ ಯಾರೂ ಸ್ಕ್ಯಾನಿಂಗ್ ಮಾಡ್ಸಲ್ಲ. ಧರ್ಮದ ಅನುಭವ ಅಂದ ತಕ್ಷಣ ಮಾತ್ರ ಸ್ಕ್ಯಾನಿಂಗ್ ನೆನಪಾಗುತ್ತೆ, ಇದು ಸ್ವಲ್ಪ ಪಕ್ಷಪಾತ.

ಅದೇ ಜೇಮ್ಸ್ ಹತ್ರ ನನಗೆ ಒಂದು ತಕರಾರು ಉಂಟು. ಅವನು ಧರ್ಮ ಅಂದ್ರೆ ಒಬ್ಬೊಬ್ಬ ವ್ಯಕ್ತಿ ತನ್ನ ಏಕಾಂತದಲ್ಲಿ ಪಡೆಯೋ ಭಾವನೆ, ಅನುಭವ ಅಂತ ವ್ಯಾಖ್ಯೆ ಮಾಡ್ಕೊಂಡ. ದೇವಸ್ಥಾನ, ಪೂಜಾರಿ, ಕಟ್ಟಳೆ ಎಲ್ಲಾ ಆಮೇಲೆ ಸೇರಿದ್ದು, ಸೆಕೆಂಡ್ ಹ್ಯಾಂಡ್ ಮಾಲು ಅನ್ನೋ ಧಾಟಿ. ಈ ವ್ಯಾಖ್ಯೆ ತಗೊಂಡು ಕೊಡಗಿಗೆ ಬಂದ್ರೆ ಅವನಿಗೆ ಇಲ್ಲಿ ಧರ್ಮವೇ ಸಿಕ್ತಿರಲಿಲ್ಲ. ಪುತ್ತರಿ (ನಮ್ಮ ಹುತ್ತರಿಯೇ, ಹೊಸ ಭತ್ತದ ಹಬ್ಬ) ದಿನ ಏನಾಗುತ್ತೆ ನೋಡಿ, ಪಾಡಿ ಇಗ್ಗುತ್ತಪ್ಪ ದೇವಸ್ಥಾನದ ಕಡೆಯಿಂದ ಗಳಿಗೆ ಗೊತ್ತಾಗುತ್ತೆ, ನೆರೆ (ಎಲೆಗಳ ಕಟ್ಟು) ಕಟ್ಟೋಕೆ ಒಂದು ಹೊತ್ತು, ಕದಿರು ತೆಗೆಯೋಕೆ ಒಂದು ಹೊತ್ತು, ಎಲ್ಲಾ ಒಕ್ಕದೋರು (ಒಂದೇ ಮನೆತನದವರು) ಐನ್‌ಮನೇಲಿ ಸೇರಿ ದೀಪ ಹಿಡ್ಕೊಂಡು ಗದ್ದೆಗೆ ಹೋಗ್ತಾರೆ, ಕೋವಿ ಹೊಡೀತಾರೆ, ಪೊಲಿ ಪೊಲಿ ದೇವಾ ಅಂತ ಕೂಗ್ತಾ ಕದಿರು ತಂದು ನೆಲ್ಲಕ್ಕಿಯಲ್ಲಿ ಕಟ್ತಾರೆ, ಆಮೇಲೆ ಹಬ್ಬದ ಸಿಹಿ ತಂಬುಟ್ಟು. ಇದರಲ್ಲಿ ಏಕಾಂತ ಎಲ್ಲಿ? ಮನೆ ತುಂಬಾ ಜನ, ಮಕ್ಕಳ ಗಲಾಟೆ, ಯಾರೋ ಮಾವ ಯಾರ ಹತ್ರವೋ ತೋಟದ ಗಡಿ ವಿಷಯ ಎತ್ತಿ ಜಗಳ ಶುರು ಮಾಡಿರ್ತಾರೆ, ಅದರ ಮಧ್ಯದಲ್ಲೇ ನಿಮಗೆ ಮೈ ಜುಮ್ ಅನ್ನೋದು. ಕೆನಡಾದ ತತ್ವಶಾಸ್ತ್ರಜ್ಞ ಚಾರ್ಲ್ಸ್ ಟೇಲರ್ ಕೂಡ 2002ರಲ್ಲಿ ಜೇಮ್ಸ್ ಬಗ್ಗೆ ಇದೇ ಆಕ್ಷೇಪ ಎತ್ತಿದ, ಅನುಭವಕ್ಕೆ ಬೇಕಾದ ಭಾಷೆ, ಶಬ್ದ, ರೂಪ ಎಲ್ಲಾ ಸಮುದಾಯದಿಂದ ಬಂದಿರುವಾಗ ಅದನ್ನ ಒಬ್ಬಂಟಿ ಮನುಷ್ಯನ ಆಸ್ತಿ ಅನ್ನೋದು ಹೇಗೆ ಅಂತ.

ಜರ್ಮನಿಯ ಧರ್ಮಚಿಂತಕ ರುಡಾಲ್ಫ್ ಒಟ್ಟೋ ಇನ್ನೊಂದು ದಾರಿ ಹಿಡಿದ. 1917ರ ಅವನ ಪುಸ್ತಕ ಪವಿತ್ರ ಅನ್ನೋದರ ಬಗ್ಗೆ, ಅದು ಒಳ್ಳೇದು ಕೆಟ್ಟದು ಅನ್ನೋ ಲೆಕ್ಕಕ್ಕಿಂತ ಬೇರೆ, ಒಂದೇ ಸಲ ನಡುಕವನ್ನೂ ಸೆಳೆತವನ್ನೂ ಹುಟ್ಟಿಸೋ ಏನೋ ಒಂದು ಅಂತಾನೆ. ತಮಾಷೆ ಅಂದ್ರೆ ಪುಸ್ತಕದ ಶುರುವಲ್ಲೇ, ಅಂಥಾ ಒಂದು ಕ್ಷಣ ನಿಮ್ಮ ಜೀವನದಲ್ಲಿ ನೆನಪಿಗೆ ಬರದಿದ್ರೆ ದಯವಿಟ್ಟು ಮುಂದೆ ಓದಬೇಡಿ ಅಂತ ಬರೆದಿದ್ದಾನೆ! ಕ್ಲಾಸಲ್ಲಿ ಇದನ್ನ ಹೇಳಿದ್ರೆ ಹುಡುಗರು ಪುಸ್ತಕ ಮುಚ್ಚಿಬಿಡ್ತಿದ್ರು. ಒಟ್ಟೋ ನನಗೆ ಅರ್ಥ ಆಗಿದ್ದು ಲೈಬ್ರರೀಲಿ ಅಲ್ಲ, ನಮ್ಮೂರ ದೇವರಕಾಡಲ್ಲಿ. ಕೊಡಗಲ್ಲಿ ಸಾವಿರಕ್ಕೂ ಮೇಲೆ ದೇವರಕಾಡು ಉಂಟು, ಎಷ್ಟೋ ಒತ್ತುವರಿ ಆಗಿ ಹೋಗಿದೆ ಅದು ಬೇರೆ ಮಾತು, ಉಳಿದಿದ್ದರ ಒಳಗೆ ಮಳೆಗಾಲದ ಸಂಜೆ ಕಾಲಿಟ್ಟು ನೋಡಿ. ಕಟ್ಟಡ ಇಲ್ಲ, ಎಷ್ಟೋ ಕಡೆ ವಿಗ್ರಹವೂ ಇಲ್ಲ, ಆದ್ರೂ ದನಿ ತಾನಾಗೇ ತಗ್ಗುತ್ತೆ. ಒಟ್ಟೋನದ್ದು ಇಷ್ಟು ಸಾಕು, ಅವನು ಆ ಭಾವನೆಗೆ ಒಂದು ಹೆಸರು ಕೊಟ್ಟ, ಆದ್ರೆ ನಿಮ್ಮದು ಆ ಥರದ ನಡುಕ ಅಲ್ಲ, ನಿಮ್ಮದು ಪರಿಚಯದವರು ಬಂದ ಹಾಗೆ.

ದನಿ ತಾನಾಗೇ ತಗ್ಗುತ್ತೆ ಅಂದ್ನಲ್ಲ, ಅಲ್ಲಿ ಒಂದು ಮುಖ್ಯ ವಿಷಯ ಉಂಟು. ತಗ್ಗಿಸಿದ್ದು ಯಾರು? ನೀವು ತೀರ್ಮಾನ ಮಾಡಿ ತಗ್ಗಿಸಿದ್ದಲ್ಲ. ಹಿರಿಯರ ಕಾಲು ಮುಟ್ಟುವಾಗ ನಿಮ್ಮಲ್ಲಿ ಮೂರು ಸಲ ಮುಟ್ಟಿ ಹಣೆಗೆ ಒತ್ತೋದು, ಅದನ್ನ ನೀವು ಎಣಿಸಿ ಮಾಡ್ತೀರಾ? ನೆಲ್ಲಕ್ಕಿ ಬೊಳ್ಚಕ್ಕೆ (ಅಲ್ಲಿನ ದೀಪಕ್ಕೆ) ಬೆನ್ನು ಹಾಕಿ ನಿಲ್ಲಿ ಅಂತ ಯಾರಾದ್ರೂ ಹೇಳಿದ್ರೆ ದೇವರನ್ನ ನಂಬದ ನಿಮಗೂ ಒಂಥರಾ ಆಗುತ್ತಲ್ಲಾ? ಮೆರ್ಲೋ-ಪಾಂಟಿ ಅನ್ನೋ ಫ್ರೆಂಚ್ ಚಿಂತಕ 1945ರಲ್ಲಿ ಗ್ರಹಿಕೆ ಬಗ್ಗೆ ಬರೆದ ದೊಡ್ಡ ಪುಸ್ತಕದಲ್ಲಿ ಇದನ್ನೇ ಹೇಳಿದ್ದು, ಮೈಗೆ ಅದರದ್ದೇ ಆದ ತಿಳುವಳಿಕೆ ಇರುತ್ತೆ, ಟೈಪ್ ಮಾಡೋರಿಗೆ ಅಕ್ಷರ ಎಲ್ಲಿದೆ ಅಂತ ಬೆರಳಿಗೆ ಗೊತ್ತು, ಬಾಯಲ್ಲಿ ಹೇಳು ಅಂದ್ರೆ ತಡವರಿಸ್ತಾರೆ. ಅವನಿಗಿಂತ ಎಷ್ಟೋ ಮುಂಚೆ ಪಾಸ್ಕಲ್, ಹದಿನೇಳನೇ ಶತಮಾನದ ಫ್ರೆಂಚ್ ಗಣಿತಜ್ಞ, ಇನ್ನೂ ಧೈರ್ಯವಾಗಿ ಹೇಳಿದ್ದ, ನಂಬೋಕೆ ಆಗ್ತಿಲ್ಲ ಅನ್ನೋರಿಗೆ ಅವನ ಸಲಹೆ ವಾದ ಮಾಡು ಅಂತ ಅಲ್ಲ, ನಂಬಿದೋರು ಮಾಡೋ ಹಾಗೆ ಮಾಡ್ತಾ ಹೋಗು, ತೀರ್ಥ ತಗೋ, ಪೂಜೆಗೆ ನಿಲ್ಲು ಅಂತ. ನನಗೆ ಪಾಸ್ಕಲ್ ಸಲಹೇಲಿ ಸ್ವಲ್ಪ ಚಾಲಾಕಿತನ ಕಾಣುತ್ತೆ, ಮಾಡ್ತಾ ಮಾಡ್ತಾ ನಿಮ್ಮನ್ನ ನಂಬಿಸಿಬಿಡೋ ಪ್ಲಾನು ಅದು. ಆದ್ರೆ ಮಾಡೋದು ಮೊದಲು, ನಂಬೋದು ಆಮೇಲೆ ಅನ್ನೋ ಕ್ರಮ ಅವನು ಸರಿಯಾಗೇ ಹಿಡಿದಿದ್ದ.

ಈಗ ನಿಮ್ಮ ಅಸಲಿ ಪ್ರಶ್ನೆ, ನಾಟಕ. ಇಲ್ಲಿ ನನಗೆ ಯಾವಾಗಲೂ ನೆನಪಾಗೋದು ಹೋದ ಶತಮಾನದ ತತ್ವಶಾಸ್ತ್ರಜ್ಞ ವಿಟ್‌ಗೆನ್‌ಸ್ಟೈನ್. ಫ್ರೇಜರ್ ಅಂತ ಒಬ್ಬ ಇಂಗ್ಲೆಂಡಲ್ಲಿ ಕೂತು ಜಗತ್ತಿನ ಎಲ್ಲಾ ಬುಡಕಟ್ಟಿನ ಆಚರಣೆ ಕೂಡಿಹಾಕಿ, ಇವೆಲ್ಲಾ ತಪ್ಪು ವಿಜ್ಞಾನ, ಪಾಪ ಅವರಿಗೆ ಕಾರ್ಯಕಾರಣ ಗೊತ್ತಿರಲಿಲ್ಲ ಅಂತ ಸಂಪುಟಗಟ್ಟಲೆ ಬರೆದ. ವಿಟ್‌ಗೆನ್‌ಸ್ಟೈನ್ 1931ರ ಹೊತ್ತಿಗೆ ಅದನ್ನ ಓದಿ ಟಿಪ್ಪಣಿ ಮಾಡ್ಕೊಂಡ, ಸಿಟ್ಟಿನ ಟಿಪ್ಪಣಿಗಳು ಅವು. ಅವನು ಹೇಳೋದು, ಪ್ರೀತಿಸಿದವರ ಫೋಟೋಗೆ ಮುತ್ತು ಕೊಡ್ತೀವಲ್ಲ, ಆ ಮುತ್ತು ಫೋಟೋದಲ್ಲಿರೋರಿಗೆ ತಲುಪುತ್ತೆ ಅಂತ ಯಾವ ಥಿಯರಿಯನ್ನೂ ನಾವು ಇಟ್ಕೊಂಡಿರಲ್ಲ, ಅದರಿಂದ ಏನೋ ಪರಿಣಾಮ ಆಗಲಿ ಅಂತಾನೂ ಕೊಡಲ್ಲ, ಹಾಗೆ ಮಾಡ್ತೀವಿ ಅಷ್ಟೆ, ಮಾಡಿದ ಮೇಲೆ ಸಮಾಧಾನ ಆಗುತ್ತೆ. ಇನ್ನೊಂದು ಅವನ ಮಾತು ಮಳೆ ಬಗ್ಗೆ. ಆಫ್ರಿಕದಲ್ಲಿ ಮಳೆರಾಜನ ಹತ್ರ ಜನ ಮಳೆ ಕೇಳ್ತಾರೆ ಅಂತ ಫ್ರೇಜರ್ ಬರೆದಿದ್ದಾನೆ, ಆದ್ರೆ ಕೇಳೋದು ಮಳೆಗಾಲ ಬರೋ ಹೊತ್ತಿಗೆ. ರಾಜನಿಗೆ ನಿಜವಾಗಿ ಮಳೆ ತರಿಸೋ ಶಕ್ತಿ ಉಂಟು ಅಂತ ಅವರು ತಿಳ್ಕೊಂಡಿದ್ರೆ ಬೇಸಿಗೇಲೇ ಕೇಳ್ತಿರಲಿಲ್ವಾ?

ನಮ್ಮಲ್ಲೂ ನೋಡಿ. ಇಗ್ಗುತ್ತಪ್ಪ ಮಳೆ ಬೆಳೆ ದೇವರು. ಅವನ ದೇವಸ್ಥಾನ ಇರೋ ಕಕ್ಕಬ್ಬೆಗೆ ಹೋಗಿ ಕೈಮುಗಿದು ಬಂದ ತೋಟದವರೇ ಮಾರ್ಚಲ್ಲಿ ಕಾಫಿ ಹೂ ಅರಳಿಸೋ ಹೂಮಳೆ ಬರದಿದ್ರೆ ಸ್ಪ್ರಿಂಕ್ಲರ್ ಪೈಪ್ ಎಳೆದು ಇಂಜಿನ್‌ಗೆ ಡೀಸೆಲ್ ತುಂಬಿಸ್ತಾರೆ. ದೇವರ ಹತ್ರ ಕೇಳಿ ಆಯ್ತಲ್ಲ ಇನ್ನು ಪೈಪ್ ಯಾಕೆ ಅಂತ ಯಾರೂ ಕೇಳಲ್ಲ. ಪೈಪ್ ಉಂಟಲ್ಲ ಇನ್ನು ದೇವರು ಯಾಕೆ ಅಂತಾನೂ ಕೇಳಲ್ಲ. ಎರಡೂ ಬೇರೆ ಕೆಲಸ ಅಂತ ಎಸ್‌ಎಸ್‌ಎಲ್‌ಸಿ ಓದದವನಿಗೂ ಗೊತ್ತು, ಫ್ರೇಜರ್‌ಗೆ ಗೊತ್ತಾಗಲಿಲ್ಲ. ನಿಮ್ಮ ರಮ್ ಗ್ಲಾಸೂ ಹಾಗೇ. ಅಪ್ಪ ಬಂದು ಕುಡೀತಾರೆ ಅಂತ ಅಳತೆ ನೋಡೋಕೆ ನೀವು ಇಟ್ಟಿದ್ದಲ್ಲ, ಬೆಳಿಗ್ಗೆ ಗ್ಲಾಸಲ್ಲಿ ರಮ್ ಹಾಗೇ ಇದ್ದಿದ್ದು ನೋಡಿ ಅಜ್ಜಿಗೂ ಆಶ್ಚರ್ಯ ಆಗಿರಲ್ಲ.

ಇನ್ನೂ ಒಂದು ಉದಾಹರಣೆ ಕೊಡ್ಲೇಬೇಕು, ಯಾಕಂದ್ರೆ ಯುರೋಪಿನ ಯಾವ ತತ್ವಶಾಸ್ತ್ರದ ಪುಸ್ತಕದಲ್ಲೂ ನನಗೆ ಇಷ್ಟು ಚಂದದ್ದು ಸಿಕ್ಕಿಲ್ಲ. ಕುಂಡೆ ಹಬ್ಬ. ಮೇ ತಿಂಗಳಲ್ಲಿ ಗೋಣಿಕೊಪ್ಪ ಕಡೆ ಬಸ್ಸಲ್ಲಿ ಹೋದ್ರೆ ನಿಮಗೇ ಗೊತ್ತು, ಜೇನುಕುರುಬರು, ಯರವರು ಚಿತ್ರ ವಿಚಿತ್ರ ವೇಷ ಹಾಕಿ, ಗಂಡಸರು ಹೆಂಗಸರ ಬಟ್ಟೆ ಹಾಕಿ, ಡಬ್ಬ ಬಡೀತಾ ಬಾಯಿಗೆ ಬಂದ ಹಾಗೆ ಬೈಕೊಂಡು ದುಡ್ಡು ಕೇಳ್ತಾ ಕೊನೆಗೆ ದೇವರಪುರದ ದೇವಸ್ಥಾನಕ್ಕೆ ಹೋಗಿ ಸೇರ್ತಾರೆ. ಬೈಯೋದು ದೇವರನ್ನೇ. ಕತೆ ಏನಂದ್ರೆ ಅಯ್ಯಪ್ಪ ಇವರನ್ನ ಬೇಟೆಗೆ ಅಂತ ಕಾಡಿಗೆ ಕರ್ಕೊಂಡು ಹೋಗಿ ಅಲ್ಲಿ ಭದ್ರಕಾಳಿ ಸಿಕ್ಕಿದ್ದೇ ಇವರನ್ನ ನಡುದಾರೀಲಿ ಬಿಟ್ಟು ಅವಳ ಜೊತೆ ಹೋಗಿಬಿಟ್ಟ. ಆ ಸಿಟ್ಟು ವರ್ಷಕ್ಕೊಂದು ದಿನ. ಬೈದು ಮುಗಿಸಿ ತಪ್ಪಾಯ್ತು ಅಂತ ಕೈಮುಗಿದು ಮನೆಗೆ. ಈಗ ಇವರ ಹತ್ರ ಹೋಗಿ "ನೀವು ದೇವರ ಅಸ್ತಿತ್ವವನ್ನ ನಂಬ್ತೀರಾ" ಅಂತ ಕೇಳಿ ನೋಡಿ. ಪ್ರಶ್ನೆಯೇ ಕೂರಲ್ಲ. ಅಲ್ಲಿ ಇರೋದು ಒಂದು ಸಂಬಂಧ, ಮುನಿಸಿರೋ ಸಂಬಂಧ, ಆ ಮುನಿಸನ್ನ ಬೈದೇ ತೀರಿಸಬೇಕು. ಯಾರೋ ನಾಸ್ತಿಕ ದೇವರಿಲ್ಲ ಅಂದಿದ್ದಕ್ಕಿಂತ ದೊಡ್ಡ ಮಾತನ್ನ ಇವರು ದೇವರಿಗೆ ಅಂದಿರ್ತಾರೆ, ಆದ್ರೂ ಇವರನ್ನ ನಾಸ್ತಿಕರು ಅನ್ನೋಕೆ ಆಗಲ್ಲ.

ನಂಬಿಕೆ ಅನ್ನೋ ಪದಾನೇ ಒಂದು ಸಲ ತಿರುಗಿಸಿ ನೋಡೋಣ. ಕನ್ನಡದಲ್ಲಿ ನಾವು ಯಾವಾಗ ನಂಬ್ತೇವೆ? ರೈಟರ್ (ತೋಟದ ಕೆಲಸ, ಲೆಕ್ಕ ನೋಡ್ಕೊಳ್ಳೋನು) ಮೇಲೆ ನಂಬಿಕೆ ಇಟ್ಟು ತೋಟ ಬಿಟ್ಟು ಬಂದೆ ಅಂತೇವೆ, ಅವನನ್ನ ನಂಬಿ ಕೆಟ್ಟೆ ಅಂತೇವೆ. ರೈಟರ್ ಅಸ್ತಿತ್ವದಲ್ಲಿ ಇದ್ದಾನೆ ಅನ್ನೋ ವಾಕ್ಯಕ್ಕೆ ಒಪ್ಪಿಗೆ ಕೊಟ್ಟೆ ಅಂತ ಅದರ ಅರ್ಥ ಅಲ್ಲ, ಅವನಿಗೆ ನನ್ನನ್ನ ಒಪ್ಪಿಸಿಕೊಂಡೆ, ಭಾರ ಹಾಕಿದೆ ಅಂತ. ವಿಲ್ಫ್ರೆಡ್ ಕಾಂಟ್‌ವೆಲ್ ಸ್ಮಿತ್ ಅನ್ನೋ ಕೆನಡಾದ ವಿದ್ವಾಂಸ ಜೀವನ ಪೂರ್ತಿ ಇದರ ಮೇಲೇ ಕೆಲಸ ಮಾಡಿದ, ರಿಲಿಜನ್ ಅನ್ನೋದು ಒಂದು ವಸ್ತು, ಅದಕ್ಕೊಂದು ನಂಬಿಕೆಗಳ ಪಟ್ಟಿ ಇರುತ್ತೆ ಅನ್ನೋ ಕಲ್ಪನೆಯೇ ಯುರೋಪಲ್ಲಿ ಇತ್ತೀಚಿನ ಶತಮಾನಗಳಲ್ಲಿ ಗಟ್ಟಿಯಾಗಿದ್ದು ಅಂತ 1962ರಲ್ಲೇ ತೋರಿಸಿದ. ಗೆಂಟ್ ಯುನಿವರ್ಸಿಟಿಯಲ್ಲಿದ್ದ ನಮ್ಮ ಬಾಲಗಂಗಾಧರ 1994ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಭಾರತದಲ್ಲಿ ಆ ಅರ್ಥದ ರಿಲಿಜನ್ನೇ ಇಲ್ಲ, ಇಲ್ಲಿರೋದು ಸಂಪ್ರದಾಯಗಳು, ಹಿರಿಯರು ಮಾಡಿದ್ರು ಅದಕ್ಕೆ ಮಾಡ್ತೇವೆ, ಅದಕ್ಕೆ ಬೇರೆ ಸಮರ್ಥನೆ ಬೇಕಿಲ್ಲ ಅಂದ್ರು. ಅವರ ವಾದ ಪೂರ್ತಿ ನನಗೆ ಒಪ್ಪಿಗೆ ಇಲ್ಲ, ಯಾಕೆ ಅಂತ ಮುಂದೆ ಹೇಳ್ತೇನೆ, ಆದ್ರೆ ನಿಮ್ಮ ಪ್ರಶ್ನೆಗೆ ಅದು ತಾಗುತ್ತೆ. "ನಂಬದೇ ಮಾಡೋದು ನಾಟಕ" ಅನ್ನೋ ವಾಕ್ಯ ನಿಮ್ಮ ಐನ್‌ಮನೇಲಿ ಹುಟ್ಟಿದ್ದಲ್ಲ. ಮೊದಲು ಮನಸ್ಸಲ್ಲಿ ಸಿದ್ಧಾಂತ, ಆಮೇಲೆ ಕೈಯಲ್ಲಿ ಆಚರಣೆ, ಎರಡೂ ಹೊಂದಿಕೆ ಆಗದಿದ್ರೆ ಕಪಟಿ ಅನ್ನೋ ಆ ಲೆಕ್ಕ ಕಾನ್ವೆಂಟ್ ಸ್ಕೂಲಲ್ಲೋ ಕಾಲೇಜಲ್ಲೋ ನಿಮಗೆ ಗೊತ್ತಿಲ್ಲದೇ ಹತ್ತಿಕೊಂಡಿದ್ದು. ಮೀದಿ ಇಡೋಕೆ ಹೇಳಿದಾಗ ನಿಮ್ಮ ದೊಡ್ಡಪ್ಪ ನೀನು ನಂಬ್ತೀಯಾ ಅಂತ ಕೇಳಿದ್ರಾ? ಕೈ ತೊಳ್ಕೊಂಡು ಬಾ ಅಂತ ಹೇಳಿರ್ತಾರೆ.

ಅನುಭವ ಅನ್ನೋ ಪದಾನೂ ಸ್ವಲ್ಪ ಹುಷಾರಾಗಿ ಬಳಸಬೇಕು. ಜರ್ಮನ್‌ನಲ್ಲಿ ಎರ್ಲೇಬ್ನಿಸ್ ಅಂತ ಒಂದು ಪದ, ಆ ಹೊತ್ತಿಗೆ ಮೈಮನಸ್ಸಿಗೆ ನೇರವಾಗಿ ಆಗಿದ್ದು, ಎರ್‌ಫಾರುಂಗ್ ಅಂತ ಇನ್ನೊಂದು, ಬಾಳಿ ಬಾಳಿ ಕೂಡಿಟ್ಟಿದ್ದು, ಅನುಭವಸ್ಥರು ಅಂತೇವಲ್ಲ ಆ ಅರ್ಥ. ನಮ್ಮಲ್ಲಿ ಒಂದೇ ಪದ ಎರಡಕ್ಕೂ, ಆದ್ರೆ ಅದರ ಮೇಲೆ ಅನುಭಾವ (ದೈವದ ಒಳ ಅರಿವು) ಅಂತ ಇನ್ನೊಂದು ಉಂಟು, ಅದು ಶರಣರ ಕಾಲದಿಂದ ಕನ್ನಡಕ್ಕೆ ಸಿಕ್ಕಿದ ಆಸ್ತಿ. ಎಲ್ಲಾ ಅನುಭವವೂ ಅನುಭಾವ ಅಲ್ಲ. ನಿಮಗೆ ಆಗಿದ್ದನ್ನ ಅನುಭಾವ ಅಂತ ಏರಿಸೋದೂ ಬೇಡ, ಭ್ರಮೆ ಅಂತ ಇಳಿಸೋದೂ ಬೇಡ. ರಾಧಾಕೃಷ್ಣನ್ ಮೈಸೂರಲ್ಲಿ 1918ರಿಂದ ಮೂರು ವರ್ಷ ಪಾಠ ಮಾಡಿದವರು, ಆಮೇಲಿನ ಬರಹಗಳಲ್ಲಿ ಹಿಂದೂ ಧರ್ಮದ ತಳಪಾಯವೇ ಅನುಭವ ಅಂತ ಜೋರಾಗಿ ಸಾರಿದ್ರು, ಅದು ಪಶ್ಚಿಮದವರಿಗೆ ಉತ್ತರ ಕೊಡೋಕೆ ಕಟ್ಟಿದ ಮಾತು, ಹಳೇ ಶಾಸ್ತ್ರಕಾರರು ಶ್ರುತಿಗೆ ಕೊಟ್ಟಷ್ಟು ತೂಕ ಒಬ್ಬೊಬ್ಬರ ಅನುಭವಕ್ಕೆ ಕೊಟ್ಟಿರಲಿಲ್ಲ ಅಂತ ಆಮೇಲೆ ಜರ್ಮನ್ ವಿದ್ವಾಂಸ ಹಾಲ್ಬ್‌ಫಾಸ್ ಥರದವರು ವಿಮರ್ಶೆ ಮಾಡಿದ್ರು. ಅದು ದೊಡ್ಡ ಚರ್ಚೆ, ಇಲ್ಲಿ ಬೇಡ.

ಇಲ್ಲಿ ಬೇಕಾಗಿರೋದು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. ಕೊಡಗಿನ ಬಗ್ಗೆ ಬರೆದೇ ಅವರು ಜಗತ್ತಿಗೆ ಗೊತ್ತಾಗಿದ್ದು, ಪುಸ್ತಕ ಬಂದಿದ್ದು 1952ರಲ್ಲಿ, ಆಕ್ಸ್‌ಫರ್ಡಲ್ಲಿ ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್-ಬ್ರೌನ್ ಕೈಕೆಳಗೆ ಕಲಿತವರು, ಸಂಸ್ಕೃತೀಕರಣ (ಕೆಳಜಾತಿಯೋರು ಮೇಲ್ಜಾತಿ ಪದ್ಧತಿ ಹಿಡಿಯೋದು) ಅನ್ನೋ ಪದ ಹೆಸರಾಗಿದ್ದು ಆ ಪುಸ್ತಕದಿಂದ. ಅವರ ಕಣ್ಣಿಗೆ ಮೊದಲು ಬಿದ್ದಿದ್ದು ಒಕ್ಕ. ಮದುವೆಗೂ ಮಂಗಲ, ಹುಲಿ ಹೊಡೆದವನಿಗೂ ನರಿ ಮಂಗಲ (ಕೊಡವ ಭಾಷೇಲಿ ನರಿ ಅಂದ್ರೆ ಹುಲಿ), ಒಂದೇ ಆಚರಣೆಯ ಗಂಟು ಬೇರೆ ಬೇರೆ ಸಂದರ್ಭದಲ್ಲಿ ಹೇಗೆ ಮನುಷ್ಯನ ಸ್ಥಾನ ಬದಲಾಯಿಸುತ್ತೆ ಅಂತ ಚೆನ್ನಾಗಿ ಬಿಡಿಸಿ ತೋರಿಸಿದ್ರು. ಅದರ ಹಿಂದೆ ಇರೋದು ಫ್ರೆಂಚ್ ಸಮಾಜಶಾಸ್ತ್ರಜ್ಞ ಡರ್ಕೈಮ್, 1912ರಲ್ಲಿ ಅವನು ಹೇಳಿದ್ದು ಜನ ಒಟ್ಟು ಸೇರಿದಾಗ ಉಕ್ಕೋ ಶಕ್ತಿಯನ್ನೇ ದೇವರು ಅಂತ ಕರೀತಾರೆ ಅಂತ. ವಾಲಗಕ್ಕೆ ಕುಣಿದ ಯಾರಿಗಾದ್ರೂ ಡರ್ಕೈಮ್ ಅರ್ಧ ಅರ್ಥ ಆಗಿರುತ್ತೆ. ಆದ್ರೆ ಆ ವಿವರಣೇಲಿ ನಿಮ್ಮ ಅಪ್ಪ ಎಲ್ಲಿ? ಒಕ್ಕದ ಒಗ್ಗಟ್ಟು ಬಿಗಿ ಆಯ್ತು, ಸರಿ, ನೀವು ಅತ್ತಿದ್ದು ಒಗ್ಗಟ್ಟಿಗಲ್ಲ, ಒಬ್ಬ ಮನುಷ್ಯನಿಗೆ, ಅವರಿಗೆ ರಮ್ಮಿಗೆ ಎಷ್ಟು ನೀರು ಬೇಕು ಅಂತ ನಿಮಗೆ ಗೊತ್ತಿತ್ತು. ಸಮಾಜಶಾಸ್ತ್ರದ ಬಲೆ ದೊಡ್ಡದು, ಆದ್ರೆ ಕಣ್ಣೂ ದೊಡ್ಡದು, ಇಂಥಾ ಸಣ್ಣ ಮೀನೆಲ್ಲಾ ಜಾರಿ ಹೋಗುತ್ತೆ.

ಈಗ ನನ್ನ ಕಿರಿಕಿರಿ. ಬದುಕಿದ ಅನುಭವ, ಬದುಕಿದ ಅನುಭವ ಅಂತ ಎಲ್ಲರೂ ಹೇಳ್ತಾರೆ, ಯಾರ ಅನುಭವ ಅಂತ ಕೇಳಲ್ಲ. ಕಾರಣ ತೆರೆ ಕಟ್ಟೋರು, ಅಂದ್ರೆ ವೇಷ ಹಾಕಿ ತೀರಿಹೋದ ಹಿರಿಯರನ್ನ ಮೈಮೇಲೆ ತಂದ್ಕೊಳ್ಳೋರು, ಇರ್ತಾರಲ್ಲ, ನಿಮ್ಮ ಒಕ್ಕದ ಹಿರಿಯನಾಗಿ ಬಂದು ನಿಮಗೆ ಬುದ್ಧಿ ಹೇಳಿ ಹರಸೋರು, ಅವರು ನಿಮ್ಮ ಒಕ್ಕದೋರೂ ಅಲ್ಲ, ಎಷ್ಟೋ ಸಲ ನಿಮ್ಮ ಜಾತಿಯೋರೂ ಅಲ್ಲ. ಆ ರಾತ್ರಿ ಮನೆ ಯಜಮಾನ ಅವರ ಮುಂದೆ ಕೈಮುಗಿದು ನಿಲ್ತಾರೆ, ಬೆಳಿಗ್ಗೆ ಅವರು ವೇಷ ಕಳಚಿ ಸಂಭಾವನೆ ತಗೊಂಡು ಹೋಗ್ತಾರೆ. ಮೈಮೇಲೆ ಬಂದಾಗ ನಿಮಗೇನನ್ನಿಸುತ್ತೆ ಅಂತ ಅವರನ್ನ ಕೇಳಿ ಬರೆದೋರು ಎಷ್ಟು ಜನ? ನಮ್ಮ ದೇಶದ ಇಬ್ಬರು ಚಿಂತಕರು, ಗೋಪಾಲ್ ಗುರು ಮತ್ತೆ ಸುಂದರ್ ಸರುಕ್ಕೈ, 2012ರಲ್ಲಿ ಒಟ್ಟಿಗೆ ತಂದ ಪುಸ್ತಕದಲ್ಲಿ ಈ ಬಗ್ಗೆ ಒಳ್ಳೇ ಜಟಾಪಟಿ ಉಂಟು, ಒಬ್ಬರ ಅನುಭವದ ಬಗ್ಗೆ ಥಿಯರಿ ಮಾಡೋ ಹಕ್ಕು ಯಾರಿಗೆ, ಬೇಕಾದಾಗ ಒಳಗೆ ಹೋಗಿ ಬೇಡದಾಗ ಎದ್ದು ಬರೋ ಸ್ವಾತಂತ್ರ್ಯ ಇರೋದನ್ನ ಬದುಕಿದ ಅನುಭವ ಅನ್ನೋಕಾಗುತ್ತಾ ಅಂತ. ನನಗೆ ಅದು ಚುಚ್ಚಿತು. ನೀವು ಭಾನುವಾರ ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಹೋಗ್ತೀರಿ, ನಾನು ಪುಸ್ತಕ ಮುಚ್ತೇನೆ. ಬಾಲಗಂಗಾಧರರ ವಾದ ಪೂರ್ತಿ ಒಪ್ಪಲ್ಲ ಅಂದಿದ್ದು ಇದಕ್ಕೇ. ಹಿರಿಯರು ಮಾಡಿದ್ರು ಮಾಡ್ತೇವೆ, ಸಮರ್ಥನೆ ಕೇಳಬೇಡಿ ಅನ್ನೋದು ಒಳಗೆ ಕೂತು ಉಣ್ಣೋರಿಗೆ ಚಂದ, ಅಂಗಳದಲ್ಲೇ ನಿಲ್ಲಬೇಕಾದವರಿಗೆ ಸಮರ್ಥನೆ ಕೇಳೋ ಹಕ್ಕು ಬೇಕೇ ಬೇಕು.

ಹಾಗೇ ಅನುಭವದಿಂದ ಎಷ್ಟು ದೂರ ಹೋಗಬಹುದು ಅನ್ನೋದಕ್ಕೂ ಒಂದು ಗಡಿ ಉಂಟು. ಜೇಮ್ಸ್ ಅದನ್ನ ಸ್ಪಷ್ಟವಾಗಿ ಹಾಕಿದ್ದಾನೆ, ಇಂಥಾ ಅನುಭವ ಆದವರ ಮೇಲೆ ಅದಕ್ಕೆ ಅಧಿಕಾರ ಉಂಟು, ಆಗದವರು ಅದನ್ನ ಕಣ್ಮುಚ್ಚಿ ಒಪ್ಪಬೇಕು ಅನ್ನೋ ಕಟ್ಟಳೆ ಇಲ್ಲ. 2018ರ ಆಗಸ್ಟಲ್ಲಿ ಗುಡ್ಡ ಜರಿದಾಗ ಮಕ್ಕಂದೂರು ಕಡೆಯಿಂದ ಬಂದ ಎಷ್ಟೋ ಜನ ಮಡಿಕೇರೀಲಿ ಪರಿಹಾರ ಕೇಂದ್ರದಲ್ಲಿ ಕೂತಿದ್ರು. ಅಲ್ಲಿ ಒಬ್ಬ ಅಜ್ಜ, ನಮ್ಮ ದೇವರೇ ಕೈಹಿಡಿದು ಹೊರಗೆ ಎಳೆದ ಹಾಗಾಯ್ತು ಅಂತ ನನ್ನ ಹತ್ರ ಹೇಳಿದ್ರು, ನಾನು ಬಾಯಿ ಮುಚ್ಕೊಂಡು ಕೇಳ್ದೆ, ಅದು ಅವರದ್ದು. ಅದೇ ವಾರ ಬೇರೆ ಯಾರೋ, ಅಲ್ಲಿ ಜನ ಕೆಟ್ಟಿದ್ರು ಅದಕ್ಕೆ ದೇವರು ಮುನಿದ ಅಂದ್ರು, ಅವರ ಜೊತೆ ನಾನು ಜಗಳಾನೇ ಆಡ್ದೆ. ಮೊದಲನೇದು ವರ್ಣನೆ, ತನ್ನ ಮೈಮೇಲೆ ಆಗಿದ್ದು. ಎರಡನೇದು ಬೇರೆಯವರ ಸಾವಿಗೆ ಕೊಟ್ಟ ಕಾರಣ. ಕಾರಣ ಅಂದ ಮೇಲೆ ಗುಡ್ಡ ಕೊರೆದಿದ್ದು, ಇಳಿಜಾರು ಕಡಿದಿದ್ದು, ಆ ದಿನಗಳ ಮಳೆ, ಎಲ್ಲಾ ಲೆಕ್ಕಕ್ಕೆ ಬರಲೇಬೇಕು, ಅಲ್ಲಿ ಅನುಭವದ ರಿಯಾಯಿತಿ ಇಲ್ಲ.

ನನ್ನ ವಿಷಯ ಒಂದು ಹೇಳ್ತೇನೆ. ಅಮ್ಮ ಆಸ್ಪತ್ರೇಲಿ ಕೊನೇ ದಿನ ಇದ್ದಾಗ ಮನೇಲಿ ತುಲಾ ಸಂಕ್ರಮಣಕ್ಕೆ ತಲಕಾವೇರಿಯಿಂದ ತಂದಿಟ್ಟ ತೀರ್ಥದ ಬಾಟ್ಲಿ ಇತ್ತು, ಹಳೇ ಜ್ಯೂಸ್ ಬಾಟ್ಲಿ, ಲೇಬಲ್ ಅರ್ಧ ಕಿತ್ತಿತ್ತು. ತೀರ್ಥೋದ್ಭವದ ಬಗ್ಗೆ ಕ್ಲಾಸಲ್ಲಿ ಎಷ್ಟೋ ವರ್ಷ ತಣ್ಣಗೆ ಪಾಠ ಮಾಡಿದವನು ನಾನು, ಧರ್ಮಗಳ ಇತಿಹಾಸ ಬರೆದ ಎಲಿಯಾಡೆ ಪವಿತ್ರ ಸ್ಥಳದ ಬಗ್ಗೆ ಹೀಗಂತಾನೆ, ಇನ್ನೊಬ್ಬ ಹಾಗಂತಾನೆ ಅಂತ. ತಂಗಿ ಬಾಟ್ಲಿ ಕೈಗೆ ಕೊಟ್ಟಳು. ಚಮಚದಲ್ಲಿ ಎರಡು ಹನಿ ಬಿಟ್ಟೆ. ನಂಬಿ ಬಿಟ್ಟೆನಾ ನಂಬದೇ ಬಿಟ್ಟೆನಾ ಅಂತ ಇವತ್ತು ಕೇಳಿದ್ರೆ ಆ ಪ್ರಶ್ನೆಗೆ ಎಲ್ಲಿ ಕೈಹಾಕಬೇಕು ಅಂತಾನೇ ನನಗೆ ಗೊತ್ತಾಗಲ್ಲ. ಕೈ ನಡುಗ್ತಾ ಇತ್ತು, ಚೆಲ್ಲಬಾರದು ಅನ್ನೋದು ಒಂದೇ ತಲೇಲಿದ್ದಿದ್ದು.

ನಾಟಕದವನಿಗೆ ನೋಡೋರು ಬೇಕು. ನೀವು ಮೀದಿ ಇಟ್ಟಾಗ ಯಾರಿಗೆ ತೋರಿಸ್ತಾ ಇದ್ರಿ? ಗಂಡನಿಗೆ ಇಷ್ಟ ಇರಲಿಲ್ಲ, ನಿಮಗೇ ಮುಜುಗರ ಇತ್ತು, ಆದ್ರೂ ಎಲೆಗೆ ಏನೇನು ಬಡಿಸಬೇಕು ಅಂತ ನೆನಪು ಮಾಡ್ಕೊಂಡು ಬಡಿಸಿದ್ರಿ. ಒಂದು ವೇಳೆ ನಿಮಗೆ ಒಳಗೆ ಏನೂ ಅನ್ನಿಸದೇ ಇದ್ದು, ಅಜ್ಜಿ ಮುಂದೆ ಕಾರಣ ಬಂದ್ರು ಅಂತ ಹೇಳಿದ್ರೆ ಆಗ ಅದನ್ನ ನಾಟಕ ಅನ್ನಬಹುದಿತ್ತು. ಈ ಸಲ ಏನೂ ಅನ್ನಿಸದೇ ಇರಬಹುದು, ಅದಕ್ಕೆ ಈಗಲೇ ತಯಾರಾಗಿರಿ, ಜೇಮ್ಸ್ ಹೇಳೋ ಲಕ್ಷಣಗಳಲ್ಲಿ ಅದೂ ಒಂದು, ಇವು ನಿಲ್ಲಲ್ಲ, ಕರೆದಾಗ ಬರಲ್ಲ. ಜುಮ್ ಅನ್ನದಿದ್ರೆ ಏನೋ ತಪ್ಪಾಯ್ತು ಅಂತ ಬೇಜಾರು ಮಾಡ್ಕೋಬೇಡಿ, ಅನ್ನಿಸಿಕೊಳ್ಳೋಕೆ ಅಂತ ಪ್ರಯತ್ನ ಪಟ್ರೆ ಅಲ್ಲಿಂದ ನಾಟಕ ಶುರು. ಅಜ್ಜಿ ಕೇಳಿದ್ರೆ ಆಗಿದ್ದು ಆದ ಹಾಗೆ ಹೇಳಿ, ಅವರು ಅದಕ್ಕೆ ಏನು ಹೆಸರಿಟ್ರೂ ಇಡಲಿ. ಯಜಮಾನ್ರನ್ನೂ ಕರ್ಕೊಂಡು ಹೋಗಿ, ನೆಲ್ಲಕ್ಕಿಯಲ್ಲಿ ನಿಲ್ಲಿಸಿ ವಾದ ಮಾಡೋಕೆ ಹೋಗಬೇಡಿ, ಅಡುಗೆಮನೇಲಿ ಒಂದು ಕೆಲಸ ಹೇಳಿ. ಮತ್ತೆ ಆ ಗ್ಲಾಸಲ್ಲಿ ಇಟ್ಟಿದ್ದನ್ನ ಆಮೇಲೆ ಯಾರು ಕುಡೀಬೇಕು ಅನ್ನೋದು ಒಂದೊಂದು ಒಕ್ಕದಲ್ಲಿ ಒಂದೊಂದು ಥರ ಇರುತ್ತಂತೆ, ಅದನ್ನ ದೊಡ್ಡಪ್ಪನ ಹತ್ರ ಮೊದಲೇ ಕೇಳಿಟ್ಕೊಳ್ಳಿ.